ಹೆಣ್ಣಾದರೆ ಭಯವಿಲ್ಲ

ಸಿರುಗುಪ್ಪ
೧೨ ಜೂನ್ ೨೦೨೨

ಮಗಳು ಜಯಶ್ರೀಗೆ,

ನೀನು ಬಸುರಿ ಎಂಬ ಸುದ್ದಿಯನ್ನು ಹಂಪಮ್ಮ ಫೋನ್ ಮಾಡಿ ಹೇಳಿದಳು. ಹೇಳಿದಳು ಅನ್ನುವುದಕ್ಕಿಂತ ಕೂಗಿದಳು ಅನ್ನಬೇಕು. ಕುರುಗೋಡಿನಲ್ಲಿ ನಿಂತು ಕೂಗಿದರೆ ಸಿರುಗುಪ್ಪಕ್ಕೆ ಫೋನಿಲ್ಲದೆಯೂ ಕೇಳಬೇಕು, ನನ್ನ ತಂಗಿಯ ಗಂಟಲು ಅಂಥದ್ದು. ಈಗ ಅವಳು ನಿನಗೆ ಬರೀ ಸೋದರತ್ತೆಯಲ್ಲ, ಗಂಡನ ತಾಯಿ. ಅಭ್ಯಾಸ ಮಾಡಿಕೋ.

ನಾನು ಫೋನಿನಲ್ಲಿ ಮೂಗ ಎಂದು ನಿನಗೆ ಗೊತ್ತು. ನೀನು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ ಹಾಸ್ಟೆಲ್ ಸೇರಿದಾಗಿನಿಂದ ನಮ್ಮಿಬ್ಬರ ಮಾತುಕತೆ ಕಾಗದದ ಮೇಲೆಯೇ ಆಗಿದೆ. ಅದೇ ಮುಂದುವರಿಯಲಿ. ಕುರುಗೋಡಿನ ನಿಮ್ಮ ಮನೆಯಲ್ಲಿ ಇರುವುದೇ ಎರಡು ಕೋಣೆ, ಆಡಿದ ಮಾತೆಲ್ಲ ಎಲ್ಲರಿಗೂ ಕೇಳುತ್ತದೆ.

ಮಿಲ್ಲಿನಲ್ಲಿ ಭತ್ತದ ಸ್ಯಾಂಪಲ್ ನೋಡುತ್ತಾ ಕೂತಿದ್ದವನು ಸುದ್ದಿ ಕೇಳಿ ಎಲ್ಲರಿಗೂ ಚಹಾ ಹೇಳಿದೆ. ‘ಮೊಮ್ಮಗ ಬರ್ತಾನ ಬಿಡ್ರಿ’ ಅಂದರು ಹಮಾಲರು. ‘ಬ್ಯಾಡ್ರಪ್ಪ, ಹಂಗ ಹರಸಬ್ಯಾಡ್ರಿ, ಮೊಮ್ಮಗಳು ಬರ್ಲಿ’ ಅಂದೆ. ಚಹಾ ಕುಡಿಯುತ್ತಿದ್ದವರು ನನ್ನ ಮುಖ ನೋಡಿದರು. ಅವರಿಗೇನು ಗೊತ್ತು. ಒಂದು ಗೀರು ಬಿದ್ದರೆ ರಕ್ತ ನಿಲ್ಲದ ಈ ಕಾಯಿಲೆ ನಮ್ಮ ಮನೆಯಲ್ಲಿ ಗಂಡಿಗೆ ಮಾತ್ರ ಬರುತ್ತದೆ. ಹೆಣ್ಣು ಹೊತ್ತು ದಾಟಿಸುತ್ತಾಳೆ, ತಾನು ಅನುಭವಿಸುವುದಿಲ್ಲ. ನನ್ನ ಅಣ್ಣ ಎರ್ರಣ್ಣ ಶಾಲೆ ಸೇರುವ ಮೊದಲೇ ಬಿದ್ದು ನಾಲಿಗೆ ಕಚ್ಚಿಕೊಂಡ, ರಕ್ತ ನಿಲ್ಲದೆ ಹೋದ. ನಾನು ಹೇಗೋ ಉಳಿದೆ, ಆಮೇಲೆ ಬಳ್ಳಾರಿಗೆ ಇಂಜೆಕ್ಷನ್ ಬಂತು. ನಿನ್ನ ಗಂಡ ಮಾರೇಶನಿಗೂ ಇದೇ ಕಾಯಿಲೆ, ಆದರೆ ಅವನು ಇಂಜೆಕ್ಷನ್ ಕಾಲದಲ್ಲಿ ಬೆಳೆದ ಪುಣ್ಯವಂತ. ನನ್ನ ಹಾಗೆ ಮೊಣಕಾಲು ಸೊಟ್ಟ ಮಾಡಿಕೊಂಡು ಕುಂಟುವುದಿಲ್ಲ, ಬೈಕ್ ಓಡಿಸುತ್ತಾನೆ.

ನಿಮ್ಮವ್ವ ಜಡೆಮ್ಮ ಬೆಳಿಗ್ಗೆಯಿಂದ ಒಂದೇ ಮಾತು ಹೇಳುತ್ತಿದ್ದಾಳೆ. ‘ನನಗ ಮುಚ್ಚಿಟ್ಟು ಮದುವಿ ಮಾಡಿದ್ರು. ಸಿರಿಗೇರಿಯಿಂದ ಬಂದು ತಿಂಗಳಾಗಿತ್ತು, ನಿಮ್ಮ ಮೊಣಕಾಲು ಕುಂಬಳಕಾಯಿ ಆದಾಗ ಗೊತ್ತಾತು. ನಾನು ಇನ್ನೊಬ್ಬರ ಮನಿಗೆ ಹಂಗ ಮಾಡಲಿಲ್ಲ. ಗೊತ್ತಿದ್ದ ಮನಿಗೇ ಕೊಟ್ಟೆ.’ ಅವಳ ಮಾತು ಸರಿಯೇ. ಹೊರಗೆ ಕೊಟ್ಟಿದ್ದರೆ ಇವತ್ತು ಯಾರ ಮುಂದೆ ಏನು ಸುಳ್ಳು ಹೇಳಬೇಕಾಗುತ್ತಿತ್ತೋ. ನಮ್ಮ ಮನೆಯ ನೋವು ನಮ್ಮ ಮನೆಯಲ್ಲೇ ಇರಲಿ.

ಹುಣಸೆಹಣ್ಣು ಜಾಸ್ತಿ ತಿನ್ನಬೇಡ. ಹೆಣ್ಣಾದರೆ ಭಯವಿಲ್ಲ. ಹೆಣ್ಣೇ ಆಗುತ್ತದೆ.

ನಿನ್ನ ಅಪ್ಪ,
ಸುಂಕಣ್ಣ

*

ಕುರುಗೋಡು
೧೬ ಏಪ್ರಿಲ್ ೨೦೨೩

ಅಪ್ಪ,

ಬಾಣಂತನ ಮುಗಿಸಿ ಬಂದು ವಾರವಾಯಿತು. ಅಲ್ಲಿ ನೀನು ಪೂಜಿತಾಳನ್ನು ಎತ್ತಿಕೊಂಡೇ ಇದ್ದೆ, ಇಲ್ಲಿ ಅತ್ತೆ ಕೆಳಗೆ ಬಿಡುವುದಿಲ್ಲ. ಓಣಿಗೆಲ್ಲ ಎರಡನೇ ಸಲ ಪೇಡ ಹಂಚಿದ್ದಾಳೆ. ಪಕ್ಕದ ಮನೆಯಾಕೆ ‘ಹೆಣ್ಣು ಹುಟ್ಟಿದ್ದಕ್ಕ ಇಷ್ಟು ಕುಣಿಯೋದು ನಿಮ್ಮ ಮನ್ಯಾಗ ನೋಡಿದ್ನೆವ್ವ’ ಅಂದಳಂತೆ. ‘ನೋಡು, ನೋಡಿ ಕಲಿ’ ಅಂತ ಅತ್ತೆ ಎರಡು ಪೇಡ ಜಾಸ್ತಿ ಕೊಟ್ಟಳು.

ಮಾರೇಶ ಅಂಗಡಿಯಿಂದ ಮಧ್ಯಾಹ್ನವೂ ಬಂದು ಹೋಗುತ್ತಾನೆ. ಮೊಬೈಲ್ ರಿಪೇರಿಗೆ ಕೊಟ್ಟವರು ಬಾಗಿಲಲ್ಲಿ ಕಾಯುತ್ತಾರೆ, ಇವನು ಮಗಳ ಕಾಲ್ಬೆರಳು ಎಣಿಸುತ್ತಾ ಕೂರುತ್ತಾನೆ. ‘ನನ್ನ ಮಗಳು ಬಿದ್ದರೆ ಬಿದ್ದಳು, ಏಳ್ತಾಳ. ಯಾರೂ ಓಡಿ ಬರೋದು ಬ್ಯಾಡ’ ಅನ್ನುತ್ತಾನೆ. ಅವನ ಬಾಲ್ಯದಲ್ಲಿ ಅವನನ್ನು ಯಾರೂ ಓಡಲು ಬಿಡಲಿಲ್ಲ. ಆ ಮಾತು ಹೇಳುವಾಗ ಅವನ ಮುಖ ನೋಡಬೇಕು ನೀನು.

ಲಸಿಕೆ ಹಾಕಿಸಿದ ಕಡೆ ತೊಡೆ ಊದಿ ನೀಲಿಯಾಗಿತ್ತು. ಎಲ್ಲ ಮಕ್ಕಳಿಗೂ ಆಗುತ್ತದೆ, ಐಸ್ ಇಡಿ ಅಂದರು. ಇಟ್ಟೆವು, ಇಳಿಯಿತು.

ಕಿವಿ ಚುಚ್ಚಿಸುವುದು ಜೂನಿನಲ್ಲಿ ಎಂದು ಅತ್ತೆ ಗೊತ್ತು ಮಾಡಿದ್ದಾಳೆ. ನನಗೆ ತಮ್ಮನಿಲ್ಲ, ಸೋದರಮಾವನ ಜಾಗದಲ್ಲಿ ನೀನೇ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಈ ಮನೆಗೆ ಅಕ್ಕಸಾಲಿ ಸೂಜಿ ಹಿಡಿದು ಬಂದು ಎಷ್ಟು ವರ್ಷವಾಯಿತೋ ಎಂದು ಅತ್ತೆ ಕಣ್ಣು ಒರೆಸಿಕೊಂಡಳು. ಗಂಡುಮಕ್ಕಳ ಕಿವಿಯನ್ನಂತೂ ನಾವು ಚುಚ್ಚಿಸುವುದೇ ಇಲ್ಲ. ಬಂಗಾರದ ಎಳೆ ನೀನೇ ತರಬೇಕಂತೆ, ತಪ್ಪಿಸಿಕೊಳ್ಳಬೇಡ.

ನಿನ್ನ ಮಗಳು ಮತ್ತು ಮೊಮ್ಮಗಳು,
ಜಯಶ್ರೀ

*

ಬಳ್ಳಾರಿ
೨೭ ಜೂನ್ ೨೦೨೩

ಅಪ್ಪ,

ನೀನು ನಿನ್ನೆ ಬಸ್ಸು ಹತ್ತಿದ ಮೇಲೆ ರಿಪೋರ್ಟ್ ಬಂತು. ಫೋನ್ ಮಾಡಲು ಎರಡು ಸಲ ಹೋದೆ, ಆಗಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ.

ಪೂಜಿತಾಳಿಗೂ ಇದೆ. ನಿನಗಿರುವುದೇ, ಮಾರೇಶನಿಗಿರುವುದೇ. ಹಿಮೋಫಿಲಿಯಾ.

ಚುಚ್ಚಿಸಿದ ಕಿವಿಯ ರಕ್ತ ನಿಂತಿದೆ. ಇಂಜೆಕ್ಷನ್ ಹಾಕಿದ ಮೇಲೆ ನಿಂತಿತು. ಅರಿಶಿನ, ಕಾಫಿಪುಡಿ, ಅತ್ತೆ ಸುಟ್ಟು ಹಾಕಿದ ಬಟ್ಟೆಯ ಬೂದಿ, ಎಲ್ಲವನ್ನೂ ನರ್ಸ್ ತೊಳೆದು ತೆಗೆದಳು. ಮಗುವಿನ ತುಟಿ ಇನ್ನೂ ಬಿಳಿಯಾಗಿದೆ. ಕೈಯಲ್ಲಿ ನರ ಸಿಗದೆ ತಲೆಯಲ್ಲಿ ಸೂಜಿ ಚುಚ್ಚಿದ್ದಾರೆ.

ಅಕ್ಕಸಾಲಿ ಚಿದಾನಂದಪ್ಪ ಇಲ್ಲಿಗೂ ಬಂದಿದ್ದ. ‘ನನ್ನ ಕೈಯಾಗ ನೂರಾರು ಮಕ್ಕಳ ಕಿವಿ ಆಗ್ಯಾವ, ಒಬ್ಬರಿಗೂ ಹಿಂಗ ಆಗಿಲ್ಲವ್ವ’ ಎಂದು ಅತ್ತ. ಅವನದೇನು ತಪ್ಪು. ಮಾರೇಶ ಗೋಡೆಗೆ ಮುಖ ಮಾಡಿ ನಿಂತಿದ್ದಾನೆ. ಅತ್ತೆ ಯಾರ ಹತ್ತಿರವೂ ಮಾತಾಡಿಲ್ಲ. ಅವಳ ದನಿ ಇಲ್ಲದ ಮನೆಯನ್ನು ನಾನು ನೋಡಿಯೇ ಇರಲಿಲ್ಲ.

ಜಯಶ್ರೀ

*

ಸಿರುಗುಪ್ಪ
೨ ಜುಲೈ ೨೦೨೩

ಜಯಶ್ರೀ,

ರಿಪೋರ್ಟ್ ತಪ್ಪಿರಬೇಕು. ಮತ್ತೊಂದು ಕಡೆ ಮಾಡಿಸು. ನಮ್ಮ ಮನೆಯಲ್ಲಿ ಎಷ್ಟು ಹೆಣ್ಣುಮಕ್ಕಳು ಹುಟ್ಟಿದ್ದಾರೆ, ನನ್ನ ಅವ್ವ, ಅವಳ ಅಕ್ಕಂದಿರು, ಹಂಪಮ್ಮ, ನೀನು. ಕುಡುಗೋಲು ತಾಗಿಸಿಕೊಂಡಿದ್ದಾರೆ, ಹೆತ್ತಿದ್ದಾರೆ, ಯಾರಿಗಾದರೂ ಆಗಿದೆಯೇ? ಹೆಣ್ಣಿಗೆ ಬರುವುದಿಲ್ಲ. ಇದು ನನಗೆ ಮೈಯಲ್ಲಿ ಗೊತ್ತಿರುವ ವಿಷಯ. ಡಾಕ್ಟರರು ಮಿಷನ್ ನೋಡಿ ಹೇಳುತ್ತಾರೆ, ಮಿಷನ್ ಕೆಟ್ಟಿರಬಹುದು.

ನನ್ನ ತೊಡೆಯ ಮೇಲೆ ಕೂತಿದ್ದಳು. ಮೊದಲನೇ ಕಿವಿಗೆ ಅತ್ತಳು, ಎರಡನೆಯದಕ್ಕೆ ನನ್ನ ಹೆಬ್ಬೆರಳು ಹಿಡಿದುಕೊಂಡಳು. ‘ಗಟ್ಟಿ ಐತಿ ಕೂಸು’ ಎಂದು ನಾನೇ ನಕ್ಕೆ. ಆ ನಗುವನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ.

ಬೇರೆ ಕಡೆ ಮಾಡಿಸು.

ಅಪ್ಪ

*

ಕುರುಗೋಡು
೩೦ ಜುಲೈ ೨೦೨೩

ಅಪ್ಪ,

ಬೇರೆ ಕಡೆಯೂ ಮಾಡಿಸಿದೆವು. ಅದೇ ಬಂತು.

ಡಾಕ್ಟರ್ ಸುಧಾರಾಣಿ ಅವರಿಗೆ ನಿನ್ನ ಪ್ರಶ್ನೆಯನ್ನೇ ಕೇಳಿದೆ. ಇಷ್ಟು ಕಾಲ ಹೆಣ್ಣಿಗೆ ಬರದದ್ದು ಈಗ ಯಾಕೆ ಬಂತು ಎಂದು. ಅವರು ನನ್ನನ್ನು ಕೂರಿಸಿ, ಚೀಟಿಯ ಹಿಂದೆ ನಮ್ಮ ವಂಶವನ್ನು ಬರೆಸಿಕೊಂಡು ಹೇಳಿದರು. ಅವರು ಹೇಳಿದ್ದನ್ನು ನನಗೆ ತಿಳಿದ ಹಾಗೆ ಬರೆಯುತ್ತೇನೆ.

ಹೆಣ್ಣಿಗೆ ಈ ಕಾಯಿಲೆ ಜೋರಾಗಿ ಬರಬೇಕಾದರೆ ಎರಡೂ ಕಡೆಯಿಂದ ಬರಬೇಕಂತೆ. ಅಪ್ಪನಿಗೆ ಕಾಯಿಲೆ ಇರಬೇಕು, ಅವ್ವನೂ ಹೊತ್ತಿರಬೇಕು. ಮೊದಲು ನಮ್ಮ ಮನೆಯಲ್ಲಿ ಕಾಯಿಲೆಯ ಗಂಡುಮಕ್ಕಳು ಅಪ್ಪಂದಿರೇ ಆಗುತ್ತಿರಲಿಲ್ಲ. ನಾಲ್ಕು ವರ್ಷಕ್ಕೋ ಆರಕ್ಕೋ ಹೋಗಿಬಿಡುತ್ತಿದ್ದರು. ಅವರು ಹೊತ್ತದ್ದು ಅವರ ಜೊತೆಗೇ ಮಣ್ಣಾಗುತ್ತಿತ್ತು. ನೀನು ಉಳಿದೆ. ಉಳಿದ ಗಂಡಿನ ಹೆಣ್ಣುಮಕ್ಕಳು ಒಬ್ಬರೂ ಬಿಡದೆ ಇದನ್ನು ಹೊತ್ತೇ ಹುಟ್ಟುತ್ತಾರಂತೆ, ಹಾಗೆ ನಾನು ಹುಟ್ಟಿದೆ. ಮಾರೇಶನೂ ಉಳಿದ. ನಮ್ಮಿಬ್ಬರಿಗೆ ಮದುವೆ ಮಾಡಿದಿರಿ.

‘ಔಷಧಿ ಒಳ್ಳೇದಾದಷ್ಟೂ ಇಂಥ ಕಾಯಿಲೆ ಇರುವವರು ಜಾಸ್ತಿ ಬದುಕುತ್ತಾರಮ್ಮ, ಮಕ್ಕಳನ್ನೂ ಮಾಡಿಕೊಳ್ಳುತ್ತಾರೆ. ಒಂದೆರಡು ತಲೆಮಾರಿಗೇ ಎಲ್ಲ ಊರಲ್ಲೂ ಎದ್ದು ಕಾಣುವಂಥದ್ದಲ್ಲ ಇದು. ಆದರೆ ಒಂದೇ ಮನೆಯೊಳಗೇ ಕೊಟ್ಟು ತಂದರೆ ಆ ಮನೆಯಲ್ಲಿ ಬೇಗ ಕಾಣುತ್ತದೆ’ ಅಂದರು. ಹೊರಗಿನ ಹುಡುಗನಾಗಿದ್ದರೆ ಹೆಣ್ಣುಮಗಳಿಗೆ ಹೀಗೆ ಬರುತ್ತಿರಲಿಲ್ಲವಂತೆ. ನಾವು ಯಾರಿಗೂ ಮೋಸ ಮಾಡಬಾರದು ಅಂತ ಹೀಗೆ ಮಾಡಿದ್ವಿ ಮೇಡಂ ಅಂದೆ. ಅವರು ಪೆನ್ನು ಮುಚ್ಚಿ ಚೀಟಿಯನ್ನು ನನ್ನ ಕೈಗೆ ಕೊಟ್ಟರು.

ಇನ್ನು ಮುಂದೆ ನನಗೆ ಹುಟ್ಟುವ ಮಗು ಗಂಡಾಗಲಿ ಹೆಣ್ಣಾಗಲಿ, ನಾಣ್ಯ ಚಿಮ್ಮಿದ ಹಾಗಂತೆ.

ಅವ್ವನಿಗೆ ಇದನ್ನೆಲ್ಲ ಹೇಳಬೇಡ. ಗೊತ್ತಿದ್ದ ಮನೆಗೇ ಕೊಟ್ಟೆ ಎನ್ನುವುದೊಂದೇ ಅವಳಿಗಿರುವ ಸಮಾಧಾನ.

ಜಯಶ್ರೀ

*

ಸಿರುಗುಪ್ಪ
೩ ನವೆಂಬರ್ ೨೦೨೪

ಜಯಶ್ರೀ,

ನಿನ್ನ ಕಾಗದಕ್ಕೆ ಒಂದು ವರ್ಷದ ಮೇಲೆ ಉತ್ತರ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ಭೇಟಿಯಾಗುತ್ತಲೇ ಇದ್ದೇವೆ, ಬರೆಯುವುದೇನು ಎಂದುಕೊಂಡೆ. ಅದು ಸುಳ್ಳು. ಬರೆಯಲು ಕೂತರೆ ಪೆನ್ನು ಏಳುತ್ತಿರಲಿಲ್ಲ.

ಮೊನ್ನೆ ನಾವು ಮೂವರೂ ಒಂದೇ ಬೆಂಚಿನ ಮೇಲೆ ಕೂತಿದ್ದೆವಲ್ಲ, ನಾನು, ಮಾರೇಶ, ನಡುವೆ ಪೂಜಿತಾ. ಹೊಸ ನರ್ಸ್ ಬಂದು ‘ಏನ್ರಿ, ಮನಿ ಮಂದೆಲ್ಲಾ ಬಂದು ಬಿಟ್ಟೀರಿ, ಮದುವಿಗೆ ಬಂದಂಗ’ ಅಂದಳು. ಪಾಪ, ನಗಿಸಲು ಅಂದಳು. ಮಗು ತಾನಾಗಿಯೇ ಕೈ ಚಾಚಿತು, ಯಾವ ಕೈಯಲ್ಲಿ ನರ ಸಿಗುತ್ತದೆಂದು ಅವಳಿಗೆ ಆಗಲೇ ಗೊತ್ತು. ನನ್ನ ಅಜ್ಜಿಯ ಕಾಲಕ್ಕೆ ಈ ಕಾಯಿಲೆಯವರು ಮನೆಯಲ್ಲಿ ಒಬ್ಬರಿರುತ್ತಿದ್ದರು, ಸ್ವಲ್ಪ ದಿನಕ್ಕೆ ಇರುತ್ತಿರಲಿಲ್ಲ. ಈಗ ಒಂದು ಬೆಂಚು ತುಂಬಿದ್ದೇವೆ.

ಮಿಲ್ಲಿಗೆ ಬರುವ ರೈತರು ಹೇಳುತ್ತಾರೆ, ಮೊದಲು ಬೆಂಕಿ ರೋಗದ ಪೈರು ಗದ್ದೆಯಲ್ಲೇ ಸುಟ್ಟು ಹೋಗುತ್ತಿತ್ತು, ಈಗ ಔಷಧಿ ಹೊಡೆದು ಉಳಿಸಿಕೊಳ್ಳುತ್ತೇವೆ, ಅದನ್ನೇ ಬೀಜಕ್ಕಿಟ್ಟು ಮುಂದಿನ ಬೆಳೆಗೂ ಹೊಡೆಯುತ್ತೇವೆ ಎಂದು. ನಾನು ಸ್ಯಾಂಪಲ್ ಅಂಗೈಯಲ್ಲಿ ಹಾಕಿ ತಿಕ್ಕುತ್ತಾ ಅದನ್ನು ಕೇಳುತ್ತಿರುತ್ತೇನೆ. ಔಷಧಿ ಹೊಡೆಯಬೇಡಿ ಎಂದು ಯಾವ ಬಾಯಿಂದ ಹೇಳಲಿ? ಅದರಿಂದಲೇ ಉಂಡವನು ನಾನು.

ಮಗುವಿಗೆ ಮೊಣಕಾಲಿಗೆ ಹತ್ತಿಯ ಪಟ್ಟಿ ಕಟ್ಟಿಯೇ ಆಡಲು ಬಿಡು. ನನ್ನ ಅವ್ವ ನನಗೆ ಹಾಗೆಯೇ ಕಟ್ಟುತ್ತಿದ್ದಳು.

ಅಪ್ಪ

*

ಕುರುಗೋಡು
೯ ಮಾರ್ಚ್ ೨೦೨೫

ಅಪ್ಪ,

ನಾನು ಮತ್ತೆ ಬಸುರಿ. ಬೇಕೆಂದು ಆದದ್ದಲ್ಲ. ಮೂರು ತಿಂಗಳು ತುಂಬಿದೆ.

ಡಾಕ್ಟರ್ ಚೀಟಿ ಬರೆದು ಬೆಂಗಳೂರಿಗೆ ಕಳಿಸಿದ್ದರು. ಮದುವೆಗೆ ಹೋಗುತ್ತೇವೆ ಎಂದು ನಿಮಗೆ ಹೇಳಿದ್ದೆವಲ್ಲ, ಅದು ಇದಕ್ಕೆ. ಹೊಟ್ಟೆಯೊಳಗಿಂದ ಚೂರು ತೆಗೆದು ಪರೀಕ್ಷೆ ಮಾಡಿದರು. ಗಂಡೋ ಹೆಣ್ಣೋ ಹೇಳುವಂತಿಲ್ಲ, ಕಾಯಿಲೆ ಇದೆಯೋ ಇಲ್ಲವೋ ಅಷ್ಟೇ ಹೇಳುತ್ತಾರೆ. ನಿನ್ನೆ ಹೇಳಿದರು. ಇದೆ.

ಬೇಡವಾದರೆ ತೆಗೆಸಬಹುದು, ಕಾನೂನಿನಲ್ಲಿ ಅವಕಾಶವಿದೆ, ತಡ ಮಾಡಬೇಡಿ ಅಂದರು ಸುಧಾರಾಣಿ ಮೇಡಂ. ಬೇಕಾದರೆ ಇಟ್ಟುಕೊಳ್ಳಬಹುದು, ಈಗ ಒಳ್ಳೊಳ್ಳೆಯ ಔಷಧಿ ಬಂದಿವೆ, ಇನ್ನೂ ಬರುತ್ತವೆ, ಮಗು ಚೆನ್ನಾಗಿಯೇ ಬದುಕುತ್ತದೆ ಎಂದೂ ಅಂದರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು. ಒಂದನ್ನಾದರೂ ಗಟ್ಟಿಯಾಗಿ ಹೇಳಬಾರದಿತ್ತೇ ಅನ್ನಿಸಿತು.

ಅತ್ತೆ ಬಹಳ ದಿನದ ಮೇಲೆ ಬಾಯಿ ಬಿಟ್ಟಳು. ‘ಇಂಜೆಕ್ಷನ್ ಐತಲ್ಲ, ಸಾಯಾಂಗಿಲ್ಲ. ಇರ್ಲಿ ಬಿಡು’ ಅಂದಳು. ಮಾರೇಶ ಏನೂ ಹೇಳುವುದಿಲ್ಲ. ಕೇಳಿದರೆ ‘ನಿನ್ನ ಮೈ, ನೀನು ಹೇಳಿದಂಗ’ ಅನ್ನುತ್ತಾನೆ. ಅವನನ್ನು ಒತ್ತಾಯಿಸಲು ನನಗೆ ಬಾಯಿ ಬರುವುದಿಲ್ಲ. ನಿನ್ನಂಥ ಮಗು ಬೇಕೋ ಬೇಡವೋ ಹೇಳು ಎಂದು ಗಂಡನನ್ನು ಹೇಗೆ ಕೇಳುವುದು?

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ನೀನು ಈ ಬದುಕನ್ನು ಐವತ್ತು ದಾಟಿಸಿದ್ದೀಯ. ನಿನ್ನಷ್ಟು ಗೊತ್ತಿರುವವರು ನನಗೆ ಯಾರೂ ಇಲ್ಲ. ಮಗಳು ಎಂದು ನೋಡಬೇಡ, ಸಮಾಧಾನ ಮಾಡಬೇಡ. ಹುಟ್ಟಬೇಕೋ ಬೇಡವೋ ಹೇಳು.

ಜಯಶ್ರೀ

*

ಸಿರುಗುಪ್ಪ
೧೪ ಮಾರ್ಚ್ ೨೦೨೫

ಜಯಶ್ರೀ,

ನಿನ್ನ ಕಾಗದ ಮುಟ್ಟಿತು. ಇದು ಗಂಡ ಹೆಂಡತಿ ಕೂತು ತೀರ್ಮಾನ ಮಾಡುವ ವಿಷಯ. ಹೊರಗಿನವರು ನಡುವೆ ಬಾಯಿ ಹಾಕಬಾರದು. ದೊಡ್ಡಬಸವೇಶ್ವರನ ಗುಡಿ ನಿಮ್ಮ ಊರಲ್ಲೇ ಇದೆ, ಒಂದು ಕಾಯಿ ಒಡೆಸಿ ಮನಸ್ಸು ಹಗುರ ಮಾಡಿಕೋ.

ಇಲ್ಲಿ ಕಾಲುವೆ ನೀರು ಈ ಸಲ ಪರವಾಗಿಲ್ಲ. ಭತ್ತದ ರೇಟು ಸ್ವಲ್ಪ ಏರಿದೆ. ನಿಮ್ಮವ್ವನಿಗೆ ಕಣ್ಣಿನ ಪರೀಕ್ಷೆ ಮಾಡಿಸಬೇಕು.

ಅಪ್ಪ

*

ಕುರುಗೋಡು
೧೮ ಮಾರ್ಚ್ ೨೦೨೫

ಅಪ್ಪ,

ನಾನು ಭತ್ತದ ರೇಟು ಕೇಳಿರಲಿಲ್ಲ.

ನೀನು ಹೊರಗಿನವನಾದದ್ದು ಯಾವಾಗ? ಬೇರೆಯವರಿಗೆ ಮೋಸವಾಗಬಾರದೆಂದು ನನ್ನನ್ನು ಈ ಮನೆಯೊಳಗೇ ಕೊಟ್ಟಾಗ ನೀನು ಒಳಗಿನವನಾಗಿದ್ದೆ. ಆ ಮದುವೆಗೆ ನಾನೂ ಖುಷಿಯಿಂದಲೇ ಒಪ್ಪಿದೆ, ಅದಕ್ಕೆ ನಿನ್ನನ್ನು ಬೈಯುವುದಿಲ್ಲ. ಆದರೆ ಈಗ ಬಾಯಿ ಮುಚ್ಚಿಕೊಂಡು ಕೂತರೆ ಬೈಯುತ್ತೇನೆ. ದಿನ ಹೋಗುತ್ತಿದೆ. ಹೊಟ್ಟೆ ಕಾಣತೊಡಗಿದೆ. ಪೂಜಿತಾ ಅದರ ಮೇಲೆ ಕೈಯಿಟ್ಟು ‘ಒಳಗ ಯಾರದಾರ’ ಎಂದು ಕೇಳುತ್ತಾಳೆ.

ಜಯಶ್ರೀ

*

ಸಿರುಗುಪ್ಪ
೨೧ ಮಾರ್ಚ್ ೨೦೨೫

ಮಗಳೇ,

ಸರಿ. ಹೇಳುತ್ತೇನೆ.

ನನ್ನ ಬದುಕು ಕೆಟ್ಟದಾಗಿತ್ತು ಎಂದು ಹೇಳಲಾರೆ. ನೋವಿತ್ತು. ಮೊಣಕಾಲಿನೊಳಗೆ ರಕ್ತ ತುಂಬಿಕೊಂಡಾಗ ಹೊದಿಕೆ ತಾಗಿದರೂ ಕಿರುಚುತ್ತಿದ್ದೆ. ಅವ್ವ ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೀಸಣಿಗೆ ಬೀಸುತ್ತಾ, ದೇವರೇ ಇವನನ್ನೂ ಬೇಗ ಕರಕೋ ಎಂದು ನನ್ನೆದುರಿಗೇ ಅನ್ನುತ್ತಿದ್ದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೂ ನಾನು ಬದುಕಿದೆ, ಮದುವೆಯಾದೆ, ನೀನು ಹುಟ್ಟಿದೆ. ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಕುಂಟುತ್ತಾ ಕಾಲುವೆಯ ದಂಡೆಗೆ ಹೋಗುತ್ತಿದ್ದೆ. ಮರುದಿನ ಕಾಲು ಊದುತ್ತಿತ್ತು, ಊದಲಿ ಬಿಡು ಅನ್ನುತ್ತಿದ್ದೆ. ಹುಟ್ಟಿದ್ದು ಬೇಡವಾಗಿತ್ತೇ ಎಂದು ನನ್ನನ್ನು ಕೇಳಿದರೆ, ಇಲ್ಲ, ಬೇಕಾಗಿತ್ತು ಎನ್ನುತ್ತೇನೆ. ಇದು ನಿಜ.

ಈಗ ಇನ್ನೊಂದು ನಿಜ ಹೇಳುತ್ತೇನೆ. ಬೇಡ ಮಗಳೇ. ಹುಟ್ಟುವುದು ಬೇಡ.

ಮಗು ಸಾಯುತ್ತದೆಂಬ ಭಯಕ್ಕೆ ಹೇಳುತ್ತಿಲ್ಲ. ಅಣ್ಣನ ಕಾಲದಲ್ಲಿ ಆ ಭಯವಿತ್ತು. ಈ ಮಗು ಸಾಯುವುದಿಲ್ಲ, ನಿಮ್ಮ ಡಾಕ್ಟರ್ ಹೇಳಿದ್ದು ಸರಿ, ನನಗಿಂತ ಚೆನ್ನಾಗಿ ಬದುಕುತ್ತದೆ. ನನಗಿರುವುದು ಅದೇ ಭಯ. ಓದುತ್ತದೆ, ದುಡಿಯುತ್ತದೆ, ಯಾರನ್ನೋ ಮೆಚ್ಚುತ್ತದೆ, ಮನೆ ತುಂಬ ಮಕ್ಕಳು ಬೇಕು ಅನ್ನುತ್ತದೆ. ನಾನೂ ಅಂದಿದ್ದೆ. ಆಮೇಲೆ ಒಂದು ದಿನ ಅದರ ಮಗಳು ಅದಕ್ಕೆ ಹೀಗೊಂದು ಕಾಗದ ಬರೆಯುತ್ತಾಳೆ, ಅಪ್ಪ, ಹುಟ್ಟಬೇಕೋ ಬೇಡವೋ ಹೇಳು ಎಂದು. ಮೈಯೊಳಗಿನ ನೋವನ್ನೆಲ್ಲ ನಾನು ತಿಂದಿದ್ದೇನೆ ಜಯಶ್ರೀ. ನಿನ್ನ ಆ ಕಾಗದವನ್ನು ಓದಿದಷ್ಟು ನೋವು ಯಾವುದರಲ್ಲೂ ಇರಲಿಲ್ಲ. ಅದನ್ನು ಮತ್ತೊಬ್ಬರು ಓದುವುದು ಬೇಡ.

ಪೂಜಿತಾ ದೊಡ್ಡವಳಾದ ಮೇಲೆ ಇದನ್ನು ಅವಳಿಗೆ ತೋರಿಸಬೇಡ.

ಸುಂಕಣ್ಣ

*

ಕುರುಗೋಡು
೬ ಏಪ್ರಿಲ್ ೨೦೨೫

ಅಪ್ಪ,

ಆಯಿತು. ಮಂಗಳವಾರ ಬಳ್ಳಾರಿಗೆ ಹೋಗಿದ್ದೆವು. ಎರಡು ದಿನ ಇಟ್ಟುಕೊಂಡು ಕಳಿಸಿದರು. ರಕ್ತ ಬಹಳ ಹೋಗಲಿಲ್ಲ, ಕಾಯಿಲೆ ಹೊತ್ತವರಿಗೂ ಬೇಕಾಗುತ್ತದೆಂದು ಇಂಜೆಕ್ಷನ್ ಮೊದಲೇ ತಯಾರಿಟ್ಟಿದ್ದರು. ಗರ್ಭ ನಿಲ್ಲಲಿಲ್ಲ ಎಂದು ಅವ್ವನಿಗೆ ಹೇಳು, ಅದೂ ಒಂದು ರೀತಿಯಲ್ಲಿ ನಿಜವೇ. ಅತ್ತೆ ನನಗೆ ಬಾಣಂತಿಗೆ ಮಾಡುವ ಹಾಗೆ ಖಾರ ಮಾಡಿ ತಂದಿಟ್ಟಳು, ನನ್ನ ಮುಖ ನೋಡಲಿಲ್ಲ.

ನಿನ್ನ ಕಾಗದವನ್ನು ಮಾರೇಶ ಓದಿದ. ನಾನೇ ಕೊಟ್ಟೆ. ಅವನ ಬಾಯಿಂದ ಒಂದು ಮಾತು ಹೊರಡಲಿ ಎಂದು ಕೊಟ್ಟೆ. ಓದಿ ಮಡಚಿ ವಾಪಸು ಕೊಟ್ಟ, ಆಸ್ಪತ್ರೆಯಲ್ಲಿ ಹೇಳಿದ ಕಡೆ ಸಹಿ ಹಾಕಿದ, ನನಗೆ ಎಳನೀರು ತಂದುಕೊಟ್ಟ. ಎಲ್ಲ ಮಾಡಿದ. ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಾ ಮಾತಾಡಿದ. ‘ಮಾವ ಬರ್ದಿದ್ದು ಖರೇ ಐತಿ. ನನಗ ಒಂದ ತಿಳೀವಲ್ದು. ನಾನು ನಮ್ಮವ್ವನ ಹೊಟ್ಟ್ಯಾಗ ಇದ್ದಾಗ ಈ ಪರೀಕ್ಷಾ ಇದ್ದಿದ್ರ, ಮಾವ ಆಕಿಗೂ ಹಿಂಗ ಬರೀತಿದ್ದನಾ?’

ಇದಕ್ಕೆ ನೀನು ಉತ್ತರ ಬರೆಯಬೇಡ ಅಪ್ಪ, ಯಾವ ಉತ್ತರ ಬರೆದರೂ ಅವನಿಗೆ ತಡೆಯಲಾಗುವುದಿಲ್ಲ.

ನಿನ್ನೆ ಇಂಜೆಕ್ಷನ್ ದಿನ. ನೀನು ಬೆಂಚಿನ ಮೇಲೆ ಇರುತ್ತೀಯೆಂದು ಪೂಜಿತಾ ದಾರಿಯುದ್ದಕ್ಕೂ ಹೇಳಿದಳು, ನೀನು ಬಂದಿರಲಿಲ್ಲ. ಮಾರೇಶನೂ ಬರಲಿಲ್ಲ. ಬೈಕ್ ತೊಳೆಯುತ್ತಾ ‘ನನಗ ಬ್ಯಾಡ, ಕೂಸಿಗೆ ಹಾಕಿಸ್ಕೊಂಡು ಬಾ’ ಅಂದ. ಮಗಳಿಗೊಂದೇ ಹಾಕಿಸಿಕೊಂಡು ಬಂದೆ.

ಜಯಶ್ರೀ